ಎಲ್ಲಾರೂ ಆರಾಮ ಅಂದೆ

ಅಪ್ಪ ಬೆಳಗಿನ ಜಾವ ತೀರಿಕೊಂಡ. ತೊಂಬತ್ತರ ದಶಕದ ನಡುವಿನ ವರ್ಷಗಳು. ಜಡೆ ಎಂಬ ಊರಿನಲ್ಲಿದ್ದ ಅಕ್ಕನ ಮನೆಗೆ ಫೋನಿರಲಿಲ್ಲ, ಅವರ ಪಕ್ಕದ ಅಂಗಡಿಯ ಫೋನು ಕೆಟ್ಟಿತ್ತು. ಅಣ್ಣ ಉಳಿದ ನೆಂಟರಿಗೆ ಹೇಳಲು ಬೈಕಿನಲ್ಲಿ ಹೊರಟ. ಅಕ್ಕನಿಗೆ ಸುದ್ದಿ ಮುಟ್ಟಿಸಲು ನನ್ನನ್ನು ಶಿಕಾರಿಪುರದಲ್ಲಿ ಆನವಟ್ಟಿಯ ಬಸ್ಸು ಹತ್ತಿಸಿದರು. ನನಗಾಗ ಹತ್ತೊಂಬತ್ತು ವರ್ಷ.

ಊರೂರು ತಿರುಗಿ ಕಾಳಿನ ವ್ಯಾಪಾರ ಮಾಡಿದ ಅಪ್ಪ, ದಾರಿಯ ನಡತೆಯನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದ. ಮಾತಾಡಿಸಿದವರಿಗೆ ಮುಖ ತಿರುಗಿಸಬಾರದು. ಪ್ರೀತಿಯಿಂದ ಕೊಟ್ಟದ್ದನ್ನು ಒಲ್ಲೆ ಎನ್ನಬಾರದು.

ಬಸ್ಸಿನಲ್ಲಿ ಒಬ್ಬ ಮುದುಕಿ ತನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಜಾಗ ಮಾಡಿಕೊಟ್ಟಳು.

“ಬಾರವ್ವ, ಕುಂದ್ರು. ಎಲ್ಲಿಗೆ ಹೊಂಟಿ?”

“ಅಕ್ಕನ ಮನೀಗೆ.”

“ಏನರ ವಿಶೇಷ ಐತೇನು?”

“ಏನಿಲ್ರೀ, ಸುಮ್ನೆ.”

ಅವಳು ಗಂಟು ಬಿಚ್ಚಿ ರೊಟ್ಟಿ ಕೊಟ್ಟಳು. ತಿಂದೆ. ಇನ್ನೊಂದು ಕೊಟ್ಟಳು, ಅದನ್ನೂ ತಿಂದೆ. ಶೇಂಗಾ ಚಟ್ನಿ ಚೆನ್ನಾಗಿದೆ ಎಂದೂ ಹೇಳಿದೆ. ನನ್ನೊಳಗೆ ಏನೂ ಆಗುತ್ತಿರಲಿಲ್ಲ. ಆನವಟ್ಟಿಯಲ್ಲಿ ಇಳಿದು, ಜಡೆಯ ಬಸ್ಸು ಹಿಡಿದೆ.

ಅಕ್ಕನ ಅತ್ತೆ ಬಾಗಿಲಲ್ಲೇ ಇದ್ದರು. ಕಾಲಿಗೆ ನೀರು ಕೊಟ್ಟು, “ಬಾ ತಂಗಿ. ಮನೇಲಿ ಎಲ್ಲಾರೂ ಆರಾಮಾ?” ಎಂದರು.

“ಎಲ್ಲಾರೂ ಆರಾಮ,” ಅಂದೆ.

ಸಾವಿನ ಸುದ್ದಿ ತಂದವರು ಹೊರಗೇ ನಿಂತು ಹೇಳಬೇಕು ಎಂಬುದು ನನಗೆ ಗೊತ್ತಿತ್ತು. ಆದರೂ ಒಳಗೆ ಹೋಗಿ ಚಾಪೆಯ ಮೇಲೆ ಕೂತೆ. ನನ್ನ ದನಿ ಕೇಳಿ ಅಕ್ಕ ಹಿತ್ತಲಿನಿಂದ ಓಡಿ ಬಂದಳು.

“ಹೇಳ್ದೇ ಕೇಳ್ದೇ ಬಂದ್ಬಿಟ್ಯಲ್ಲೇ! ಇರು, ಉಪ್ಪಿಟ್ಟು ಮಾಡ್ತೀನಿ.”

ಅವಳು ರವೆ ಹುರಿಯುತ್ತ ಹಾಡಿನಂಥದ್ದೇನನ್ನೋ ಗುನುಗುತ್ತಿದ್ದಳು. ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ.

“ಅಕ್ಕಾ, ಉಪ್ಪಿಟ್ಟು ಬೇಡ. ಅಪ್ಪ ಹೋದ.”

“ಎಲ್ಲಿಗೆ?”

ಕೇಳುತ್ತ ತಿರುಗಿದವಳು ನನ್ನ ಮುಖ ನೋಡಿದಳು. ಅವಳ ಕೈಯ ಸೌಟು ನಿಂತಿತು. “ಈಗ್ ತಾನೇ ಆರಾಮ ಅಂದ್ಯಲ್ಲೇ!”

“ಅತ್ತೆ ಕೇಳಿದ್ರು. ಅದ್ಕೇ ಅಂದೆ.”

ಅವಳು ನನ್ನ ಭುಜ ಹಿಡಿದು ಅಲುಗಿಸಿದಳು, ಒಂದಲ್ಲ, ನಾಲ್ಕೈದು ಸಲ. ಬಾಣಲೆಯಲ್ಲಿ ರವೆ ಸೀದು ಹೊಗೆಯೆದ್ದಿತು. ಅತ್ತೆ ಬಂದು ಇಳಿಸಿದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅವರ ಮಗ, ನಮ್ಮ ಭಾವ, ಊರಿನವರೊಬ್ಬರ ಜೀಪು ತಂದರು. ದಾರಿಯುದ್ದಕ್ಕೂ ಅಕ್ಕ ನನ್ನ ಕಡೆ ನೋಡಲಿಲ್ಲ.

ಅವಳು ಅಪ್ಪನ ಮುಖ ನೋಡಲೆಂದೇ ಊರಿನಲ್ಲಿ ಎಲ್ಲರೂ ಕಾದಿದ್ದರು. ಮಣ್ಣಾಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ಮನೆಗೆ ಬಂದ ಮೇಲೆ, ಮಾತಾಡಿಸಲು ಬಂದವರಿಗೆಲ್ಲ ನಾನು ಕುರ್ಚಿ ಹಾಕುತ್ತ, “ಬರ್ರಿ, ಕುಂದರ್ರಿ, ಬಸ್ಸು ಲಗೂನ ಸಿಕ್ತಾ?” ಎಂದು ವಿಚಾರಿಸುತ್ತ ಓಡಾಡಿದೆ. ಯಾರೋ, ಎಷ್ಟು ಗಟ್ಟಿ ಹುಡುಗಿ ಎಂದರು.

ಅಕ್ಕ ಎದ್ದು ಬಂದು ನನ್ನ ಕೈಯಿಂದ ಕುರ್ಚಿ ಕಿತ್ತುಕೊಂಡಳು.

“ಸಾಕು ಬಿಡೇ. ಕೂತ್ಕೋ.”

ಕೂತೆ. ಅವಳು ನನ್ನ ಕುರ್ಚಿಯ ಪಕ್ಕದಲ್ಲೇ ನೆಲದ ಮೇಲೆ ಕೂತು, ನನ್ನ ಮೊಣಕಾಲಿಗೆ ತಲೆ ಆನಿಸಿ ಅತ್ತಳು. ನನಗೆ ಮೊಣಕಾಲು ಒದ್ದೆಯಾದದ್ದಷ್ಟೇ ತಿಳಿಯಿತು.