ಟಂಟಂನಲ್ಲಿ ಓದುವ ಹುಡುಗಿಯರು

ಯಂಕಂಚಿಯಿಂದ ಸಿಂದಗಿಗೆ ಸಾಲಿ ಹುಡುಗಿಯರನ್ನು ನನ್ನ ಟಂಟಂ ಆಟೋದಲ್ಲಿ ಒಯ್ಯುತ್ತೇನೆ. ಪಾಠದ ಪುಸ್ತಕ ಬಿಟ್ಟು ಇವರು ಏನೂ ಓದೂದಿಲ್ಲ, ಯಾರ ಮನ್ಯಾಗರ ಕಥಿ ಪುಸ್ತಕ ಇದ್ರ ಕೊಡ್ರಿ ಅಂತ ಅವರ ಟೀಚರ್ ಒಮ್ಮೆ ಹೇಳಿದರು. ನಮ್ಮ ಮನೆಯಲ್ಲಿ ಒಂದು ಟ್ರಂಕಿನ ತುಂಬ ಇದ್ದವು. ಓದುವಾಕಿ ನನ್ನ ಹೆಂಡತಿ. ನನಗೆ ಬಸ್ಸಿನ ಬೋರ್ಡು ಓದೂದೇ ಕಷ್ಟ. ಆಕಿ ತೀರಿಹೋದ ಮೇಲೆ ಆ ಟ್ರಂಕು ತೆಗೆದಿರಲಿಲ್ಲ. ತೆಗೆದೆ. ಏಳನೇ ಕ್ಲಾಸಿನ ಲಕ್ಷ್ಮಿಗೆ ಒಂದು ಪುಸ್ತಕ ಕೊಟ್ಟೆ.

ಮರುದಿನ ಅವಳ ತಾಯಿ ಬಂದು ಪುಸ್ತಕವನ್ನು ಸೀಟಿನ ಮೇಲೆ ಇಟ್ಟಳು.

"ತಪ್ಪು ತಿಳ್ಕೋಬ್ಯಾಡ್ರಿ ಕಾಕಾ. ಸತ್ತವರ ಸಾಮಾನ ಮನ್ಯಾಗ ಬ್ಯಾಡ ಅಂತ ನಮ್ಮತ್ತಿ ಹಟ ಹಿಡದಾಳ."

"ಸೀರಿ-ಅರಿವಿ ಅಲ್ಲವ್ವಾ, ಪುಸ್ತಕ."

"ನಿಮ್ಮ ಮನಿಯವರು ಮುಟ್ಟಿದ್ದು ಹೌದಿಲ್ರಿ?"

ಹೌದು. ಆಕಿ ಬಿಟ್ಟು ಯಾರೂ ಮುಟ್ಟಿರಲಿಲ್ಲ. ಟ್ರಂಕು ಮತ್ತೆ ಮುಚ್ಚಿಬಿಡೋಣ ಅನಿಸಿತು.

ಹಿಂದಿನ ಸೀಟಿನಿಂದ ಲಕ್ಷ್ಮಿ ಬಗ್ಗಿದಳು. "ಯವ್ವಾ, ಟಂಟಂ ನಮ್ಮ ಮನಿ ಏನ? ಕಥಿ ಅರ್ಧಕ್ಕ ನಿಂತೈತಿ. ಇಲ್ಲೇ ಓದ್ತೇನಿ."

ತಾಯಿ ಪುಸ್ತಕವನ್ನು ಅಲ್ಲೇ ಬಿಟ್ಟು, "ಮನಿಗೆ ಬರೂಮುಂದ ಕೈ ತೊಳ್ಕೊ" ಅಂದು ಹೋದಳು.

ಈಗ ಆಕಿಯ ಟ್ರಂಕು ಟಂಟಂನ ಸೀಟಿನ ಕೆಳಗೇ ಇರುತ್ತದೆ; ಎಲ್ಲ ಹುಡುಗಿಯರೂ ಹಾದಿಯಲ್ಲೇ ಓದುತ್ತಾರೆ. ತಗ್ಗಿನಲ್ಲಿ ಗಾಡಿ ಹಾರಿದರೆ ಅಕ್ಷರ ಕುಣಿತಾವ ಅಂತ ನನ್ನನ್ನು ಬೈಯುತ್ತಾರೆ. ಅದಕ್ಕೆ ನಿಧಾನ ಹೊಡೆಯುತ್ತೇನೆ. ಹಿಂದಿನ ಗಾಡಿಯವರು ಹಾರ್ನ್ ಬಡಿದು, "ಏ ಮುದುಕಾ, ಹೆಣಾ ಒಯ್ಯಾಕತ್ತಿಯೇನು?" ಅನ್ನುತ್ತಾರೆ. ಹೌದು ಅನ್ನಲೋ ಅಲ್ಲ ಅನ್ನಲೋ ತಿಳಿಯದೆ ಸರಿದು ದಾರಿ ಬಿಡುತ್ತೇನೆ.