ಸಹಿ ಕೇಳಿದ ಲ್ಯಾಪ್‌ಟಾಪ್

ತೆಲಂಗಾಣ ರಾಜ್ಯಕ್ಕಾಗಿ ಸಮ್ಮೆ, ಅಂದರೆ ಮುಷ್ಕರ, ನಡೆದ ಆ ದಿನಗಳಲ್ಲಿ ನಾರಾಯಣಖೇಡದ ಬಸ್ಸುಗಳು ಡಿಪೋ ಬಿಟ್ಟು ಕದಲುತ್ತಿರಲಿಲ್ಲ. ಭುವನೇಶ್ವರಿಯ ಕೋಣೆಯ ಮುಂದೆ ಮಾತ್ರ ಬೈಕುಗಳ ಸಾಲು ಕರಗುತ್ತಿರಲಿಲ್ಲ. ನಂಬರ್ ಪ್ಲೇಟಿನ ಎಪಿ ಮರೆಮಾಡಿ ಟಿಜಿ ಅಂಟಿಸುವ ಉಮೇದು ಊರಿಗೆಲ್ಲ ಹತ್ತಿತ್ತು. ಬೀದರಿನ ಕಂಪ್ಯೂಟರ್ ರಿಪೇರಿಯ ಮಿಲಿಂದ್ ಕೊಡಿಸಿದ ಹಳೆಯ ಸ್ಟಿಕ್ಕರ್ ಕಟಿಂಗ್ ಮಷೀನು, ಹೊಸ ಲ್ಯಾಪ್‌ಟಾಪು, ಬಣ್ಣದ ಹಾಳೆಯ ಸುರುಳಿಗಳು, ಇಷ್ಟೇ ಅವಳ ಅಂಗಡಿ. ಕೋಣೆ ತೊಗರಿ ವ್ಯಾಪಾರಿ ಮಾವ ಶಂಕ್ರೆಪ್ಪನವರದು.

“ದೀಪಾವಳಿ ತನಕ ನೋಡ್ತೀನಿ. ಮಷೀನ್ ನಡದ್ರ ಕೋಣಿ ನಿಂದು, ನಿಂತ್ರ ನನ್ನ ಚೀಲದ್ದು” ಎಂದು ಅವರು ಮೊದಲೇ ಹೇಳಿದ್ದರು. ತನ್ನ ಕೈಯಾರೆ ತೆಗೆದು ಮುಚ್ಚುವ ಬಾಗಿಲೊಂದು ಅವಳಿಗೆ ಸಿಕ್ಕಿದ್ದು ಅದೇ ಮೊದಲು.

ಆಯುಧಪೂಜೆಯ ದಿನ ಅತ್ತೆ ಈರಮ್ಮ ತಕ್ಕಡಿಗೆ ಎಳೆದಂತೆಯೇ ಮಷೀನಿಗೂ ವಿಭೂತಿ ಎಳೆದು ಚೆಂಡುಹೂವಿನ ಮಾಲೆ ಹಾಕಿದರು. ಲ್ಯಾಪ್‌ಟಾಪಿನ ಅಂಚಿನಲ್ಲಿ ದೀಪ ಮಿನುಗುತ್ತಿತ್ತು.

“ಇದು ಇನ್ನಾ ಎಚ್ಚರ ಅದಲ್ಲವ್ವ! ಪೂಜಿ ದಿನನೂ ದುಡಸ್ತಾರೇನು? ಪೂರಾ ಬಂದ್ ಮಾಡು.”

ತಂದಾಗಿನಿಂದ ಬರೀ ಮುಚ್ಚಳ ಮುಚ್ಚಿಡುತ್ತಿದ್ದ ಭುವನೇಶ್ವರಿ ಅಂದು ಪೂರಾ ಬಂದ್ ಮಾಡಿದಳು.

ಬನ್ನಿ ಹಂಚಿಕೊಂಡ ಮರುದಿನ ಬೆಳಿಗ್ಗೆ ಜಹೀರಾಬಾದಿಗೆ ಬೈಕ್ ರ‍್ಯಾಲಿ ಹೊರಡುವುದಿತ್ತು. ಹುಡುಗರು ಬಂದು ನೆರೆದರು. ಮಷೀನು ಅಲುಗಾಡಲಿಲ್ಲ. ಪರದೆಯ ಮೇಲೆ ಒಂದು ಮಾತು ಮೂಡಿತು: ಈ ಡ್ರೈವರಿಗೆ ಡಿಜಿಟಲ್ ಸಹಿ ಇಲ್ಲ.

“ನನ್ನ ವಿಭೂತಿ ಒಳಗ ಉದುರ್ತೇನೋ ಯಪ್ಪಾ” ಎಂದು ಈರಮ್ಮ ಗಾಬರಿಯಾದರು.

“ಅಕ್ಕಾ, ತೆಲಂಗಾಣ ಮೊದಲ ಬರ್ತದೋ, ನಿಮ್ಮ ಸ್ಟಿಕ್ಕರೋ?” ಎಂದು ಸಾಲಿನಲ್ಲಿದ್ದ ಬಕ್ಕಪ್ಪ ಕೂಗಿದ. ಎಲ್ಲರೂ ನಕ್ಕರು. ಶಂಕ್ರೆಪ್ಪ ಬಾಗಿಲಲ್ಲಿ ಬಂದು ನಿಂತರು.

ಭುವನೇಶ್ವರಿ ಮಿಲಿಂದ್‌ಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಪರದೆಯ ಮಾತು ಓದಿ ಹೇಳಿದಳು.

“ಅಕ್ಕೋರೆ, ಬಂದ್ ಮಾಡಿದ್ರೇನ್ರಿ?”

“ಪೂಜಿ ಇತ್ತಲ್ರಿ.”

ಆ ಕಡೆ ಅವನು ಜೋರಾಗಿ ನಕ್ಕ. “ಮಷೀನಿಗಿ ಲ್ಯಾಪ್‌ಟಾಪಿನ ಮಾತು ಮುಟ್ಟಸೋದೇ ಡ್ರೈವರ್ ರೀ. ಹಳೇದಕ್ಕ ಸಹಿ ಇಲ್ಲ. ಸಹಿ ಕೇಳಬ್ಯಾಡ ಅಂತ ಹೇಳಿ ನಾ ಚಾಲೂ ಮಾಡಿಕೊಟ್ಟಿದ್ದೆ. ಬಂದ್ ಮಾಡಿದ್ರ ಅದು ಮತ್ತ ಕೇಳ್ತದ. ಈಗೂ ಹಂಗೇ ದಾಟಸಾಕ ಬರ್ತದ, ಹೇಳ್ಲೇನು?”

“ಸಹಿ ಯಾಕ ಬೇಕದಕ್ಕ?” ಶಂಕ್ರೆಪ್ಪ ನಡುವೆ ಬಾಯಿ ಹಾಕಿದರು.

“ಮಾಡಿದವರ ಸಹಿ ಇದ್ರ, ನಡುವ ಯಾರೂ ಕೈ ಆಡ್ಸಿಲ್ಲಂತ ಗೊತ್ತಾಗ್ತದ್ರಿ ಶೇಟ್ರೆ.”

ಶಂಕ್ರೆಪ್ಪನವರ ಮುಖ ಅರಳಿತು. “ಮತ್ತ ಅದು ಸರೀನೇ ಕೇಳ್ಯದ! ಸೀಲ್ ಒಡದ ಬೀಜದ ಚೀಲ ನಾ ಒಳಗ ಬಿಡ್ತೀನೇನು? ಸಹಿ ಇದ್ದ ಮಾಲೇ ತರಸವ್ವ.”

“ಕಂಪನಿಯವ್ರು ಸಹಿ ಮಾಡಿದ್ದು ಈಗ ನೆಟ್‌ನಾಗ ಬಿಟ್ಟಾರ್ರಿ. ಇಳಸಾಕ ಹೊತ್ತು ಹಿಡೀತದ” ಎಂದ ಮಿಲಿಂದ್.

ಭುವನೇಶ್ವರಿ ಹೊರಗಿನ ಸಾಲಿನತ್ತ ನೋಡಿದಳು. “ಮಾವಾರ, ಅಷ್ಟರಾಗ ಗಿರಾಕಿ ಹೋದ್ರ, ಕೋಣಿನೂ ಹೋಗ್ತದ.”

“ಗಿರಾಕಿ ನಾ ಕೂಡಸ್ತೀನಿ. ನೀ ಅದರ ಮುಂದ ಕೂಡು.”

ಡಾಂಗಲ್ಲಿನ ನೆಟ್ಟು ಇರುವೆಯಂತೆ ಹರಿಯಿತು. ಹೊರಗೆ ಶಂಕ್ರೆಪ್ಪ ಚಹಾ ತರಿಸಿದರು, ಹುಡುಗರಿಗೆ ತೊಗರಿ ಚೀಲಗಳ ಮೇಲೆ ಜಾಗ ಕೊಟ್ಟರು, ಸಹಿ ಇಲ್ಲದ ಡ್ರೈವರು ಎಂಥ ಅಪಾಯದ್ದೆಂದು ಹುಟ್ಟಾ ಪಂಡಿತರಂತೆ ವಿವರಿಸಿದರು. ಹೊರಟು ನಿಂತ ಬಕ್ಕಪ್ಪನನ್ನು ತೋಳು ಹಿಡಿದು ಕೂರಿಸಿದರು.

ಹೊಸ ಡ್ರೈವರು ಕೂತಿತು. ಲ್ಯಾಪ್‌ಟಾಪು ಏನನ್ನೂ ಕೇಳಲಿಲ್ಲ. ಬ್ಲೇಡು ಸರ್ರನೆ ಸರಿದು ಕೆಂಪು ಹಾಳೆಯಲ್ಲಿ ಮೊದಲ ಅಕ್ಷರ ಬಿಡಿಸಿತು. ಈರಮ್ಮ ಚಪ್ಪಾಳೆ ತಟ್ಟಿದರು.

“ಶೇಟ್ರೆ, ನಿಮ್ಮಂಗಡಿ ಮತ್ತ ಚಾಲೂ ಆತು ನೋಡ್ರಿ!” ಬಕ್ಕಪ್ಪ ಕೂಗಿದ.

“ನಂದಲ್ಲೋ. ಅಂಗಡಿ, ಕೋಣಿ ಎಲ್ಲಾ ನನ್ನ ಸೊಸಿದು. ಸಾಲಿನಾಗ ಬಾ.”

ಒಳಗಿದ್ದ ಭುವನೇಶ್ವರಿಗೆ ಅದು ಕೇಳಿಸಿತು. ಮುಗುಳ್ನಗೆ ತಡೆಯದೆ ಅವಳು ಇನ್ನೊಂದು ಸುರುಳಿ ಬಿಚ್ಚಿದಳು.