ಹುಳ ಜ್ವರಕ್ಕೆ ಕೂತ ಮನೆ

ಕರೆದರೆ ಓಡುತ್ತೆ, ಬೆನ್ನು ತೋರಿಸಿದರೆ ಹತ್ತಿರ ಬರುತ್ತೆ. ಏನು ಹೇಳಿ? ತಲೆ ಕೆರೆದುಕೊಳ್ಳಬೇಡಿ, ನನಗೆ ಮೂರನೇ ಕ್ಲಾಸಿನವರೆಗೆ ಪಾಠ ಹೇಳಿದ ಮೇಷ್ಟ್ರಿಗೂ ಹೊಳೆಯಲಿಲ್ಲ.

ಕೋಲಾರದ ದೊಡ್ಡಿಯಲ್ಲಿ ತುಡುಗು ದನಗಳಿಗೆ ಹುಲ್ಲು ಹಾಕೋದು ನನ್ನ ಕೆಲಸ. ಒಂದು ಕಂದು ಬೀದಿನಾಯಿಯೂ ಬಂದು ಅಲ್ಲಿ ಮೂಲೆ ಹಿಡಿದಿತ್ತು. ಯಾರಾದರೂ ಕೈ ಎತ್ತಿದರೆ ಸಾಕು, ನಿಂತಲ್ಲೇ ಉಚ್ಚೆ ಹುಯ್ದುಕೊಳ್ಳುತ್ತಿತ್ತು.

"ಶನಿವಾರ ನಾಯಿ ಕೊಲ್ಲೋರು ಬರ್ತಾರೆ ಕಣೋ. ಅಷ್ಟರಲ್ಲಿ ಇದನ್ನ ಎಲ್ಲಾದ್ರೂ ಸೇರಿಸು," ಅಂದರು ದೊಡ್ಡಿ ಕಾಯೋ ಮುನಿಯಪ್ಪನವರು.

ಬೀದಿ ಬೀದಿ ಕೇಳಿದೆ. ಎಲ್ಲರಿಗೂ ಬೊಗಳೋ ನಾಯಿಯೇ ಬೇಕು. ಕೊನೆಗೆ ಸುಗಟೂರಿನಲ್ಲಿ ರೇಷ್ಮೆ ಹುಳ ಸಾಕೋ ಅಜ್ಜಿ ನೆನಪಾದರು. ಆಗ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸಿನ ಸದ್ದಿಗೆ ನಾಯಿ ನಡುಗುತ್ತೆ ಅಂತ ನಡೆದೇ ಹೊರಟೆ. ನಾನು ತಿರುಗಿ ನೋಡಲಿಲ್ಲ, ಅದು ಹಿಂದೆ ಹಿಂದೆ ಬಂತು.

"ಏನ್ಲಾ, ಇದು ಬೊಗಳುತ್ತಾ?" ಅಜ್ಜಿ ಪಿಸುಗುಟ್ಟಿದರು.

"ಬಾಯಿ ಇರೋದು ಮುದ್ದೆಗೆ ಮಾತ್ರ ಅಜ್ಜಿ."

"ಹಾಗಾದ್ರೆ ಇರ್ಲಿ. ಹುಳ ಜ್ವರಕ್ಕೆ ಕೂತಾವೆ, ಮೆಲ್ಲಗೆ ಮಾತಾಡು."

ರೇಷ್ಮೆ ಹುಳ ಪೊರೆ ಬಿಡೋ ಮುಂಚೆ ಮಲಗೋದಕ್ಕೇ ಜ್ವರ ಅನ್ನೋದು. ಆಗ ಆ ಮನೆಯಲ್ಲಿ ಯಾರೂ ಜೋರಾಗಿ ಕೆಮ್ಮೋದೂ ಇಲ್ಲ. ಅಜ್ಜಿ ನಾಯಿಯನ್ನು ಕರೆಯಲಿಲ್ಲ, ನೋಡಲೂ ಇಲ್ಲ. ಮುದ್ದೆ ಇಟ್ಟು, ಅದಕ್ಕೆ ಬೆನ್ನು ಮಾಡಿ ಜಗಲಿಯಲ್ಲಿ ಕೂತರು. ಬಿಸಿಲು ಇಳಿಯೋ ಹೊತ್ತಿಗೆ ಅದು ತೆವಳಿಕೊಂಡು ಬಂದು ಅವರ ಸೆರಗಿಗೆ ಮೂಗು ಒತ್ತಿತು.

ಮುಂದಿನ ವಾರ ಹೋದಾಗ ನನ್ನನ್ನು ಕಂಡು ಬಾಲ ಅಲ್ಲಾಡಿಸಿತು.

ಈ ಕೊನೆ ಮಾತ್ರ ನಾನು ಕಟ್ಟಿದ್ದು. ನಿಜವಾಗಿ ನನ್ನನ್ನು ಕಂಡು ಊರೇ ಎದ್ದು ಬರೋ ಹಾಗೆ ಬೊಗಳಿತು. "ಊರುಕೋರಾ, ಸುಮ್ನಿರೋ, ಹುಳ ಮಲಗಾವೆ!" ಅಂತ ಅಜ್ಜಿ ತೆಲುಗು ಬೆರೆಸಿ ಗದರಿದ್ದು ನಾಯಿಯನ್ನಲ್ಲ, ನನ್ನನ್ನು.